ದಿಲ್ಲಿಯ ರಾಜಕಾರಣವೂ ಜೋಕಾದ ಒಗ್ಗರಣೆಯೂ

ಸಂಸಾರದ ಮಾತೇ ಬೇರೆ, ರಾಜಕೀಯದ ಮಾತೇ ಬೇರೆ ಎಂದು ನಂಬಿದವರು ನಮ್ಮಲ್ಲಿ ಇಂದಿಗೂ ಅನೇಕರಿದ್ದಾರೆ. ರಾಜಕೀಯವೆಂಬುದು ದಿಲ್ಲಿಯಲ್ಲಿ ನಡೆಯುವ ದೊಡ್ಡವರ ವ್ಯವಹಾರ. ಸಂಸಾರವೆಂಬುದು ಅಕ್ಕಿ, ಬೇಳೆ, ಉಪ್ಪು, ಹುಣಿಸೆಹಣ್ಣಿನ ಲೆಕ್ಕ. ಒಂದರ ಗಾಳಿ ಇನ್ನೊಂದಕ್ಕೆ ಸೋಕಬೇಕಾದ ಕಾರಣವಿಲ್ಲ ಎಂಬುದು ಅವರ ಎಣಿಕೆ. ಹುಟ್ಟಿದ ಊರಿನಲ್ಲೇ ಉಳಿದವರಿಗೆ ಈ ಎಣಿಕೆ ಸಾಗೀತು. ಪರಸ್ಥಳದಲ್ಲಿ ಮನೆ ಹೂಡಿದ ನಮ್ಮಂಥವರಿಗೆ ಸಾಗದು. ನಮಗೆ ಎರಡು ರಾಜ್ಯಗಳ ಸುದ್ದಿ ಬೇಕು. ಆದ್ದರಿಂದ ಎರಡು ರಾಜ್ಯಗಳ ಬೇಸರವೂ ನಮ್ಮ ಪಾಲಿಗೆ ಬರುತ್ತದೆ. ಎರಡರ ಮೇಲೂ ದಿಲ್ಲಿಯೊಂದು ಇದ್ದೇ ಇದೆ. ಹೀಗಾಗಿ ನಮ್ಮ ಮನೆಯ ಒಗ್ಗರಣೆಯ ಸೌಟಿನಲ್ಲಿ ಸಾಸಿವೆಯ ಜೊತೆಗೆ ಅಷ್ಟಿಷ್ಟು ರಾಜಕಾರಣವೂ ಸಿಡಿಯುತ್ತದೆ.

ಜೋಕಾ ಎಂಬ ಹೆಸರನ್ನು ಕೇಳದ ವಾಚಕರಿಗಾಗಿ ಎರಡು ಮಾತು. ಕಲ್ಕತ್ತೆಯ ದಕ್ಷಿಣಕ್ಕೆ ಡೈಮಂಡ್ ಹಾರ್ಬರ್ ರಸ್ತೆಯನ್ನು ಹಿಡಿದು ಬೇಹಾಲಾ, ಠಾಕೂರ್‌ಪುಕುರ್ ದಾಟಿ ಮುಂದೆ ಬಂದರೆ ಸಿಕ್ಕುವುದೇ ಜೋಕಾ. 1961ರಲ್ಲಿ ಸ್ಥಾಪನೆಯಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಕೆರೆಗಳ ನಡುವಿನ ಆವರಣ ಇಲ್ಲಿಯೇ ಇರುವುದರಿಂದ ಹೊರಗಿನವರಿಗೆ ಈ ಹೆಸರು ಅಷ್ಟಿಷ್ಟು ಪರಿಚಿತ. 2012ರವರೆಗೆ ಇದು ಗ್ರಾಮ ಪಂಚಾಯಿತಿಯ ಆಡಳಿತದಲ್ಲಿತ್ತು. ಆ ವರ್ಷ ಕಲ್ಕತ್ತೆಯ ಮಹಾನಗರಪಾಲಿಕೆಗೆ ಸೇರಿ 142, 143, 144ನೆಯ ವಾರ್ಡುಗಳಾಯಿತು. ನಗರವೆನಿಸಿಕೊಂಡರೂ ಹಳ್ಳಿಯ ಕೊಳ, ಬಾಳೆಗಿಡ, ಮೀನಿನ ಸಂತೆ ಯಾವುದೂ ಬಿಟ್ಟುಹೋಗಿಲ್ಲ. ಪಾಠ ಹೇಳಲು ಬಂದವರು, ಬ್ಯಾಂಕಿನ ವರ್ಗಾವಣೆಯಿಂದ ಬಂದವರು, ಕಂಪೆನಿಯ ಕೆಲಸಕ್ಕೆ ಬಂದವರು ಹೀಗೆ ಕೆಲವು ಕನ್ನಡ ಮನೆಗಳು ಇಲ್ಲಿ ಚದುರಿಕೊಂಡಿವೆ.

ಕಾಯುವುದೆಂದರೇನು ಎಂಬುದನ್ನು ಜೋಕಾದ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. 1986ರಲ್ಲಿ ಇಲ್ಲಿಯವರೆಗೆ ಟ್ರಾಮು ಬಂದಿತ್ತು. ಮೆಟ್ರೊ ಬರುತ್ತದೆಂದು ಟ್ರಾಮಿನ ಹಳಿ ಹೋಯಿತು. 2010ರ ಸೆಪ್ಟೆಂಬರಿನಲ್ಲಿ ಅಂದಿನ ರಾಷ್ಟ್ರಪತಿಗಳಾದ ಶ್ರೀಮತಿ ಪ್ರತಿಭಾ ಪಾಟೀಲರು ಮೆಟ್ರೊಗೆ ಅಡಿಗಲ್ಲು ಹಾಕಿದರು. ಜೋಕಾದಿಂದ ತಾರಾತಲಾವರೆಗಿನ ಆರೂವರೆ ಕಿಲೋಮೀಟರು ದೂರದ ಮೊದಲ ಗಾಡಿ ಓಡಿದ್ದು 2022ರ ಡಿಸೆಂಬರ್ 30ರಂದು. ಅಡಿಗಲ್ಲು ಹಾಕಿದ ದಿನ ಹುಟ್ಟಿದ ಮಗು ಅಷ್ಟರಲ್ಲಿ ಮಾಧ್ಯಮಿಕ ಶಾಲೆಗೆ ಸೇರಿತ್ತು! ಮಾಜೇರ್‌ಹಾಟ್‌ವರೆಗೆ ಹೋಗಲು 2024ರ ಮಾರ್ಚಿಯವರೆಗೆ ತಾಳಬೇಕಾಯಿತು. ಆ ಹನ್ನೆರಡು ವರ್ಷ ಡೈಮಂಡ್ ಹಾರ್ಬರ್ ರಸ್ತೆಯ ಧೂಳನ್ನು ಕಿಟಕಿಯ ಪರದೆಗಳಿಂದ ಒಗೆದು ತೆಗೆದವರು ಯಾವ ಮಂತ್ರಿಮಹಾಶಯರೂ ಅಲ್ಲ, ಇಲ್ಲಿಯ ಗೃಹಿಣಿಯರು.

ಗಸಗಸೆಯ ಗೊಂದಲ

ಬಂಗಾಳಿಗಳ ಮನೆಗೂ ನಮ್ಮ ಮನೆಗೂ ಅಡಿಗೆಯಲ್ಲಿ ಅಜಗಜಾಂತರ. ಅವರಿಗೆ ಸಾಸಿವೆ ಎಣ್ಣೆ, ನಮಗೆ ಕಡಲೆಕಾಯಿ ಎಣ್ಣೆ. ಅವರಿಗೆ ಮೀನು, ನಮಗೆ ಹುಳಿ. ಆದರೆ ಒಂದು ವಸ್ತುವಿನಲ್ಲಿ ಮಾತ್ರ ನಾವಿಬ್ಬರೂ ಬಂಧುಗಳು. ನಾವು ಗಸಗಸೆ ಎನ್ನುತ್ತೇವೆ, ಅವರು ಪೋಸ್ತೊ ಎನ್ನುತ್ತಾರೆ. ನಮಗೆ ಅದು ಹಬ್ಬದ ಪಾಯಸಕ್ಕೆ. ಅವರಿಗೆ ಬೇಸಗೆಯ ಮಧ್ಯಾಹ್ನ ಆಲೂಗಡ್ಡೆಯೊಡನೆ ಅನ್ನಕ್ಕೆ. ಪಕ್ಕದ ಮನೆಯ ಬೌದಿ ಮೊದಲ ಸಲ ನಮ್ಮಲ್ಲಿ ಗಸಗಸೆ ಪಾಯಸ ಕುಡಿದಾಗ, “ಅಯ್ಯೋ, ಇದನ್ನು ಸಿಹಿ ಮಾಡುತ್ತೀರಾ!” ಎಂದು ಬೆರಗಾದರು. ಉಂಡ ಮೇಲೆ ಬಂದ ನಿದ್ದೆ ಮಾತ್ರ ಎರಡು ಮನೆಗೂ ಒಂದೇ.

ಈ ಪುಟ್ಟ ಬಿಳಿಯ ಕಾಳಿನಲ್ಲಿ ಎಷ್ಟು ರಾಜಕಾರಣವಿದೆ ನೋಡಿ. ಗಸಗಸೆಯ ಗಿಡವೇ ಅಫೀಮಿನ ಗಿಡ. 1773ರಲ್ಲಿ ವಾರನ್ ಹೇಸ್ಟಿಂಗ್ಸನು ಬಂಗಾಳದ ಅಫೀಮಿನ ವ್ಯಾಪಾರವನ್ನು ಕಂಪೆನಿಯ ಏಕಸ್ವಾಮ್ಯಕ್ಕೆ ತಂದನು. ಆ ದಾಸ್ತಾನಿನ ಹಂಗು ಇಂದಿಗೂ ಹೋಗಿಲ್ಲ. 1985ರ ಮಾದಕ ವಸ್ತುಗಳ ಕಾಯಿದೆಯಂತೆ ಈ ಬೆಳೆಗೆ ಕೇಂದ್ರ ಸರ್ಕಾರದ ಲೈಸೆನ್ಸು ಬೇಕು. ಲೈಸೆನ್ಸು ಸಿಕ್ಕುತ್ತ ಬಂದಿರುವುದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತಾದ ಪ್ರದೇಶಗಳಿಗೆ. ಮಿಕ್ಕಂತೆ ತುರ್ಕಿಯೇ ಮೊದಲಾದ ದೇಶಗಳಿಂದ ತರಿಸಬೇಕು. ದಿನವೂ ಉಣ್ಣುವವರು ಬಂಗಾಳಿಗಳು, ಹಬ್ಬಕ್ಕೆ ಬಯಸುವವರು ಕನ್ನಡಿಗರು; ಬೆಳೆಯುವ ಹಕ್ಕು ಮಾತ್ರ ಇಬ್ಬರಿಗೂ ಇಲ್ಲ! ಬೆಲೆ ಕಿಲೋಗೆ ಸಾವಿರ ರೂಪಾಯಿ ಮುಟ್ಟಿದ ದಿನಗಳಲ್ಲಿ, 2023ರ ಮಾರ್ಚಿಯಲ್ಲಿ, ಅಂದಿನ ಮುಖ್ಯಮಂತ್ರಿ ಶ್ರೀಮತಿ ಮಮತಾ ಬ್ಯಾನರ್ಜಿಯವರು ಇಲ್ಲಿಯ ವಿಧಾನಸಭೆಯಲ್ಲೇ ಈ ಮಾತೆತ್ತಿದರು. ಬಂಗಾಳಕ್ಕೂ ಪೋಸ್ತೊ ಬೆಳೆಯಲು ಅಪ್ಪಣೆ ಬೇಕೆಂದರು. ಅಫೀಮು ಕಳ್ಳದಾರಿ ಹಿಡಿಯಬಾರದೆಂಬ ಕೇಂದ್ರದ ಎಚ್ಚರಿಕೆಯೂ ಸುಳ್ಳಲ್ಲ. ಎರಡು ಕಡೆಯ ನ್ಯಾಯವನ್ನೂ ತೂಗುವಷ್ಟು ತಾಳ್ಮೆ ನಮಗುಂಟು. ಅಂಗಡಿಯವನ ತಕ್ಕಡಿಗೆ ಆ ತಾಳ್ಮೆಯಿಲ್ಲ, ಅಷ್ಟೆ. ಪಾಯಸಕ್ಕೆ ಅರ್ಧ ಬಟ್ಟಲು ಹಾಕುತ್ತಿದ್ದಲ್ಲಿ ನಾವು ಎರಡು ಚಮಚಕ್ಕೆ ಇಳಿದು, ಉಳಿದುದನ್ನು ಅಕ್ಕಿಯಿಂದಲೂ ತೆಂಗಿನಕಾಯಿಯಿಂದಲೂ ಸರಿದೂಗಿಸಿದೆವು.

ಉಳ್ಳಾಗಡ್ಡಿಯ ಕಣ್ಣೀರು

ಗಸಗಸೆಯಿಲ್ಲದೆ ಬದುಕಬಹುದು, ಈರುಳ್ಳಿಯಿಲ್ಲದೆ ಹೇಗೆ? ನಮ್ಮ ಅತ್ತೆಯವರು ಗದಗಿನ ಕಡೆಯವರು. ಅವರ ಬಾಯಲ್ಲಿ ಅದು ಈರುಳ್ಳಿಯಲ್ಲ, ಉಳ್ಳಾಗಡ್ಡಿ. ಮೈದುನನವರು ಊರಿನಲ್ಲಿ ಅದನ್ನೇ ಬೆಳೆಯುತ್ತಾರೆ. ಹೀಗಾಗಿ ಈ ಒಂದು ಗಡ್ಡೆಯ ವಿಷಯದಲ್ಲಿ ನಮ್ಮ ಮನೆ ಎರಡು ಪಕ್ಷವಾಗುತ್ತದೆ.

2023ರಲ್ಲಿ ನಡೆದುದನ್ನೇ ನೆನೆಯಿರಿ. ಬೆಲೆ ಏರುತ್ತದೆಂಬ ಭಯದಿಂದ ಆಗಸ್ಟ್ 19ರಂದು ಕೇಂದ್ರ ಸರ್ಕಾರ ಈರುಳ್ಳಿಯ ರಫ್ತಿಗೆ ನೂರಕ್ಕೆ 40ರ ಸುಂಕ ಹಾಕಿತು. ಡಿಸೆಂಬರ್ 8ರಂದು ರಫ್ತನ್ನೇ ನಿಲ್ಲಿಸಿತು. ಆ ನಿಷೇಧ ತೆರವಾದದ್ದು 2024ರ ಮೇ 4ರಂದು, ಲೋಕಸಭಾ ಚುನಾವಣೆಯ ನಟ್ಟನಡುವೆ; ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ರಂದು. ಜೋಕಾದ ಸಂತೆಯಲ್ಲಿ ನಾವು ಚೀಲ ಹಿಡಿದು ನಿಂತಾಗ ರಫ್ತು ನಿಂತುದು ಒಳ್ಳೆಯದೇ ಆಯಿತೆನ್ನಿಸಿತು. ಅದೇ ಸಂಜೆ ಊರಿನಿಂದ ಮೈದುನನವರ ಫೋನು. ಗೊಬ್ಬರದ ಸಾಲ, ಕೂಲಿಯ ಸಾಲ, ಮಳೆ ಕೈಕೊಟ್ಟ ವರ್ಷ; ಇಷ್ಟರ ಮೇಲೆ ಮಾರುಕಟ್ಟೆಯಲ್ಲಿ ಧಾರಣೆ ಜಾರಿತು. ಅತ್ತೆಯವರು ಫೋನಿಟ್ಟು ಹೇಳಿದ ಮಾತು ಯಾವ ಅರ್ಥಶಾಸ್ತ್ರಜ್ಞರ ಭಾಷಣಕ್ಕೂ ಕಡಿಮೆಯದಲ್ಲ: “ಉಳ್ಳಾಗಡ್ಡಿ ತುಟ್ಟಿ ಆದ್ರ ಹೆಚ್ಚೋರ ಕಣ್ಣಾಗ ನೀರು, ಸೋವಿ ಆದ್ರ ಬೆಳೆಯೋರ ಕಣ್ಣಾಗ ನೀರು. ಕಣ್ಣೀರಿಲ್ಲದ ಧಾರಣಿ ಒಂದು ಯಾವಾಗರ ಬರ್ತದೇನವಾ?”

ನಮ್ಮ ಅಸಮಾಧಾನವೂ ಇಷ್ಟೆ. ರೈತನಿಗೂ ಉಳಿಯಬೇಕು, ಉಣ್ಣುವವನಿಗೂ ಎಟುಕಬೇಕು. ಅದಕ್ಕೆ ಬೇಕಾದದ್ದು ಉಗ್ರಾಣ, ಮುಂಚಿತವಾದ ಖರೀದಿ, ಬಿತ್ತನೆಗೆ ಮೊದಲೇ ತಿಳಿಸುವ ಸ್ಥಿರವಾದ ನೀತಿ. ಬೆಳೆ ಹೊಲದಲ್ಲಿರುವಾಗ ಒಂದು ಆಜ್ಞೆ, ಕಿತ್ತು ಗುಡ್ಡೆ ಹಾಕಿದ ಮೇಲೆ ಇನ್ನೊಂದು ಆಜ್ಞೆ ಎಂದರೆ, ಅದು ಮನೆ ನಡೆಸುವ ರೀತಿಯಲ್ಲ. ದೇಶ ನಡೆಸುವ ರೀತಿಯಾದರೂ ಹೇಗಾದೀತು?

ಕೂಸು ಬಡವಾದ ಕಥೆ

ನಮ್ಮ ಮನೆಗೆಲಸಕ್ಕೆ ಬರುವಾಕೆ ಆಮ್ತಲಾದ ಆಚೆಯ ಹಳ್ಳಿಯವಳು. ಇಲ್ಲಿಯ ರೂಢಿಯಂತೆ ಮಕ್ಕಳು ಆಕೆಯನ್ನು ಮಾಶಿ ಎಂದು ಕರೆಯುತ್ತಾರೆ. ಆಕೆಯ ಗಂಡ “ನೂರು ದಿನದ ಕೆಲಸ”ದಲ್ಲಿ ಕೊಳ ತೋಡಿದವನು. ಮಹಾತ್ಮಾ ಗಾಂಧಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಗೆ ಇಲ್ಲಿ ಜನ ಇಟ್ಟ ಹೆಸರು ಅದೇ. ಲೆಕ್ಕಪತ್ರಗಳಲ್ಲಿ ಅವ್ಯವಹಾರವಾಗಿದೆ ಎಂದು ಹೇಳಿ ಕೇಂದ್ರ ಸರ್ಕಾರ 2022ರ ಮಾರ್ಚಿಯಲ್ಲಿ ಪಶ್ಚಿಮ ಬಂಗಾಳಕ್ಕೆ ಈ ಯೋಜನೆಯ ಹಣವನ್ನು ನಿಲ್ಲಿಸಿತು. ತಪ್ಪು ಮಾಡಿದವರನ್ನು ಹಿಡಿಯಬೇಕಾದ್ದು ನ್ಯಾಯವೇ. ಆದರೆ ಮಣ್ಣು ಹೊತ್ತವನ ಕೂಲಿ? ದಿಲ್ಲಿಯವರು ರಾಜ್ಯದವರ ಕಡೆಗೆ ಬೆರಳು ತೋರಿಸಿದರು, ರಾಜ್ಯದವರು ದಿಲ್ಲಿಯ ಕಡೆಗೆ. ಎರಡು ವರ್ಷದ ಮೇಲೆ, 2024ರಲ್ಲಿ, ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಹಳೆಯ ಕೂಲಿಯನ್ನು ಕೊಟ್ಟಿತು. 2025ರ ಜೂನಿನಲ್ಲಿ ಕಲ್ಕತ್ತೆಯ ಹೈಕೋರ್ಟು, ತನಿಖೆ ನಡೆಯಲಿ, ಆದರೆ ಆಗಸ್ಟ್ 1ರಿಂದ ಕೆಲಸ ಮತ್ತೆ ಆರಂಭವಾಗಲಿ ಎಂದು ಆಜ್ಞೆ ಮಾಡಿತು. ಕೇಂದ್ರದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು ಅದೇ ವರ್ಷದ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಡಿಸೆಂಬರಿನಲ್ಲಿ ಪಾರ್ಲಿಮೆಂಟು ಹಳೆಯ ಕಾಯಿದೆಯನ್ನೇ ತೆಗೆದು, 125 ದಿನಗಳ ಮಾತಿನ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಮಾಶಿಗೆ ಬಂಗಾಳಿಯಲ್ಲಿ ಹೇಳಿದಾಗ ಆಕೆ ನಗಲಿಲ್ಲ. “ಕೂಸಿಗೆ ಈಗ ಕೇರಳದಲ್ಲಿ ಕೆಲಸ ಸಿಕ್ಕಿದೆ” ಎಂದಳು. ಮಗ ಗಾರೆ ಕೆಲಸಕ್ಕೆ ಅಲ್ಲಿಗೆ ಹೋಗಿದ್ದಾನೆ. ನಾವು ದಕ್ಷಿಣದಿಂದ ಇಲ್ಲಿಗೆ ಬಂದೆವು, ಆಕೆಯ ಮಗ ಇಲ್ಲಿಂದ ದಕ್ಷಿಣಕ್ಕೆ ಹೋದ.

ಇದು ಬಂಗಾಳದ ಗೋಳು ಎಂದು ನಾವು ಸುಮ್ಮನಿರುವಂತಿಲ್ಲ. 2023ರಲ್ಲಿ ನಮ್ಮ ಕರ್ನಾಟಕದ 223 ತಾಲ್ಲೂಕುಗಳಲ್ಲಿ ಬರಗಾಲವೆಂದು ಸಾರಲಾಯಿತಷ್ಟೆ. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ತಿಂಗಳುಗಟ್ಟಲೆ ಕಾಗದ ಓಡಾಡಿ, ಕಡೆಗೆ 2024ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲಿನಲ್ಲಿ ಬಂದದ್ದು 3,454 ಕೋಟಿ. ಎಷ್ಟು ಕೊಡಬೇಕಿತ್ತೆಂಬ ಲೆಕ್ಕದಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವಿರಬಹುದು. ಮಳೆ ಹೋದ ವರ್ಷದ ನೆರವು ಮುಂದಿನ ಬಿತ್ತನೆಯ ಹೊಸ್ತಿಲಿಗೆ ಬಂದರೆ ರೈತನ ಮನೆಗೆ ಏನು ಪ್ರಯೋಜನವೆಂಬುದರಲ್ಲಿ ಭಿನ್ನಾಭಿಪ್ರಾಯ ಇರಲಾರದು.

ಇಂಥ ಮಾತುಗಳನ್ನೆಲ್ಲ ಕೂತು ಚರ್ಚಿಸಲೆಂದೇ ಪಾರ್ಲಿಮೆಂಟು ಇರುವುದು. 2025ರ ಮಳೆಗಾಲದ ಅಧಿವೇಶನದಲ್ಲಿ ಲೋಕಸಭೆಗೆ ಗೊತ್ತುಪಡಿಸಿದ್ದು 120 ಗಂಟೆಗಳ ಕೆಲಸ. ನಡೆದದ್ದು 37 ಗಂಟೆ. ಗದ್ದಲ ಒಂದು ಕಡೆಯದು, ಹಠ ಇನ್ನೊಂದು ಕಡೆಯದು. ಇಷ್ಟರ ನಡುವೆಯೂ ಒಂದೆರಡು ದಿನಗಳಲ್ಲೇ ಎರಡೂ ಸದನಗಳನ್ನು ದಾಟಿದ ಮಸೂದೆಗಳುಂಟು. ನಮ್ಮ ಮಗಳು ಟೆಲಿವಿಷನ್ನಿನಲ್ಲಿ ಇದನ್ನು ನೋಡಿ, “ಅಪ್ಪ, ನಮ್ಮ ಕ್ಲಾಸಿನಲ್ಲಿ ಹೀಗೆ ಕೂಗಿದರೆ ಹೊರಗೆ ನಿಲ್ಲಿಸುತ್ತಾರೆ” ಎಂದಳು. ಯಜಮಾನರು, “ಅಲ್ಲಿಯೂ ನಿಲ್ಲಿಸುತ್ತಾರಮ್ಮ, 2023ರ ಚಳಿಗಾಲದಲ್ಲಿ 146 ಮಂದಿಯನ್ನು ಅಮಾನತು ಮಾಡಿದ್ದರು” ಎಂದರು. “ಹಾಗಾದರೆ ಪಾಠ ಯಾರಿಗೆ ಆಯಿತು?” ಎಂದು ಅವಳ ಮರುಪ್ರಶ್ನೆ. ಉತ್ತರ ಹೊಳೆಯದೆ ಯಜಮಾನರು ಕಾಫಿ ಕೇಳಿದರು.

ಕೌದಿಯೂ ಕಾಂಥಾವೂ

ಮನೆಯ ಹೆಂಗಸರಿಗೆ ರಾಜಕೀಯವೇಕೆ ಎನ್ನುವವರಿಗೆ ಜೋಕಾದಲ್ಲೇ ಒಂದು ಉತ್ತರವಿದೆ. ಇಲ್ಲಿಯ ಬ್ರತಚಾರಿ ಗ್ರಾಮದಲ್ಲಿ ಗುರುಸದಯ ಸಂಗ್ರಹಾಲಯವೆಂಬುದೊಂದುಂಟು. ಐ.ಸಿ.ಎಸ್. ಅಧಿಕಾರಿಗಳಾಗಿದ್ದ ಗುರುಸದಯ ದತ್ತರು (1882–1941) ಬಂಗಾಳದ ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಪಟಚಿತ್ರ, ಗೊಂಬೆ, ಕಸೂತಿಗಳ ಭಂಡಾರ ಅದು; ಸಾರ್ವಜನಿಕರಿಗೆ ತೆರೆದದ್ದು 1963ರಲ್ಲಿ. ಅಲ್ಲಿಯ ಮುಖ್ಯ ಸಂಪತ್ತೆಂದರೆ ಕಾಂಥಾ. ಹಳೆಯ ಸೀರೆ ಧೋತ್ರಗಳನ್ನು ಪದರ ಪದರವಾಗಿ ಇಟ್ಟು, ಸೀರೆಯ ಅಂಚಿನಿಂದಲೇ ದಾರ ಎಳೆದು, ಸಣ್ಣ ಹೊಲಿಗೆ ಹಾಕುವ ಹೊದಿಕೆ. ಅತ್ತೆಯವರು ಅದರ ಚಿತ್ರವನ್ನು ನೋಡಿದ ಒಡನೆ, “ಅಯ್ಯ, ಇದು ನಮ್ಮ ಕೌದೀನ ಅಲ್ಲೇನ!” ಎಂದರು. ಹರಿದ ಇಳಕಲ್ಲ ಸೀರೆಯ ತುಂಡುಗಳನ್ನು ಕೂಡಿಸಿ ಉತ್ತರ ಕರ್ನಾಟಕದ ತಾಯಂದಿರು ಹೊಲಿಯುವ ಕೌದಿಗೂ ಇದಕ್ಕೂ ಗುಣ ಒಂದೇ: ಯಾವುದನ್ನೂ ಎಸೆಯುವುದಿಲ್ಲ.

ಆ ಸಂಗ್ರಹದಲ್ಲಿ ಮಾನದಾಸುಂದರಿ ಎಂಬಾಕೆ 19ನೆಯ ಶತಮಾನದಲ್ಲಿ ತನ್ನ ತಂದೆಗಾಗಿ ಸ್ವಹಸ್ತದಿಂದ ಹೊಲಿದ ಒಂದು ಕಾಂಥಾ ಪ್ರಸಿದ್ಧವಾಗಿದೆ. ಅದರಲ್ಲಿ ಸಿಪಾಯಿಗಳೂ ಸಾಹೇಬರೂ ಇದ್ದಾರೆ! ವೋಟಿಲ್ಲ, ವೃತ್ತಪತ್ರಿಕೆಯಿಲ್ಲ, ಸಭೆಯಲ್ಲಿ ಮಾತನಾಡುವ ಪದ್ಧತಿಯಿಲ್ಲ. ಆದರೂ ತನ್ನ ಕಾಲದಲ್ಲಿ ಅಧಿಕಾರ ಯಾರ ಕೈಯಲ್ಲಿತ್ತೆಂಬುದನ್ನು ಆ ಹೆಣ್ಣುಮಗಳು ಸೂಜಿಯ ಮೊನೆಯಿಂದ ಬರೆದಿಟ್ಟಳು. ಸಂಸಾರವೂ ರಾಜಕೀಯವೂ ಅವಳಿಗೆ ಒಂದೇ ಬಟ್ಟೆಯ ಎರಡು ಪದರಗಳಾಗಿದ್ದವು.

ಇನ್ನು ಕಾಲದ ವಿನೋದವನ್ನು ನೋಡಿ. ಈ ಸಂಗ್ರಹಾಲಯಕ್ಕೆ 1980ರ ದಶಕದಿಂದ ಕೇಂದ್ರದ ಜವಳಿ ಖಾತೆಯ ನೆರವಿತ್ತು. 2017ರಲ್ಲಿ ಆ ನೆರವು ನಿಂತಿತು. ನೌಕರರ ಸಂಬಳಕ್ಕೂ ಸಂಚಕಾರ ಬಂತು, ನೋಡುವವರಿಗೂ ಬಾಗಿಲು ಮುಚ್ಚಿತು. ದೇಶದ ಸಂಸ್ಕೃತಿಯ ಹಿರಿಮೆಯನ್ನು ಕುರಿತ ಭಾಷಣಗಳಿಗೆ ಮಾತ್ರ ಆ ವರ್ಷಗಳಲ್ಲಿ ಯಾವ ಕೊರತೆಯೂ ಆಗಲಿಲ್ಲ.

ವೋಟಿನ ಗಂಟು

ಇಷ್ಟೆಲ್ಲ ಬೇಸರವನ್ನು ತೋಡಿಕೊಳ್ಳುವುದು ಯಾರ ಮುಂದೆ? ಇಲ್ಲಿಗೆ ಬಂದಾಗಲೇ ವಲಸೆ ಬಂದ ಸಂಸಾರಕ್ಕೆ ತನ್ನ ನಿಜವಾದ ತೊಡಕು ಕಾಣುವುದು. ಊರಿನ ಶಾಸಕರಿಗೆ ನಾವು ಊರು ಬಿಟ್ಟವರು. ಇಲ್ಲಿಯವರಿಗೆ ನಾವು ಇನ್ನೂ “ಮಾದ್ರಾಜಿ”ಗಳು. 2011ರ ಜನಗಣತಿಯಂತೆ ಹಿಂದಿನ ವಾಸಸ್ಥಳವನ್ನು ಬಿಟ್ಟು ಬೇರೆ ಕಡೆ ನೆಲಸಿದ ಭಾರತೀಯರು ಸುಮಾರು 45 ಕೋಟಿ. ಅವರಲ್ಲಿ ಬಹುಮಂದಿ ಹೆಂಗಸರು, ಕಾರಣ ಮದುವೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಗೊತ್ತುಮಾಡಿ 2025ರ ಜೂನಿನಲ್ಲಿ ಪ್ರಕಟಣೆ ಹೊರಟಿತು. ನಮ್ಮ ಲೆಕ್ಕವೇ ಹೀಗೆ ಹಿಂದೆ ಬಿದ್ದಿರುವಾಗ ನಮ್ಮ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಹೇಳುವುದು ಸರಳ: ಒಬ್ಬರ ಹೆಸರು ಒಂದೇ ಕ್ಷೇತ್ರದಲ್ಲಿರಬೇಕು, ಅದು ಆತ ಸಾಮಾನ್ಯವಾಗಿ ವಾಸಿಸುವ ಸ್ಥಳವಾಗಿರಬೇಕು. ವಿದೇಶದಲ್ಲಿರುವ ಭಾರತೀಯ ಪ್ರಜೆಗಳಿಗೆ 2010ರ ತಿದ್ದುಪಡಿ ಪಟ್ಟಿಯಲ್ಲಿ ಜಾಗ ಕೊಟ್ಟಿತು; ಆದರೆ ವೋಟು ಹಾಕಲು ಅವರು ಊರಿಗೇ ಬರಬೇಕು. ಒಳನಾಡಿನ ವಲಸಿಗರು ಇದ್ದಲ್ಲಿಂದಲೇ ಊರಿನ ವೋಟು ಹಾಕಲೆಂದು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಒಂದು ಯಂತ್ರದ ಮಾದರಿಯನ್ನು ಸಾರಿತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ವೋಟು ಹಿಡಿಯಬಲ್ಲದೆಂದರು. ಮುಂದಿನ ತಿಂಗಳು ಪಕ್ಷಗಳನ್ನು ಕರೆದು ತೋರಿಸಿದರು. ವಿರೋಧ ಪಕ್ಷಗಳಿಗೆ ನಂಬಿಕೆ ಬರಲಿಲ್ಲ. 2024ರ ಚುನಾವಣೆಯಲ್ಲಿ ಅದು ಬಳಕೆಗೂ ಬರಲಿಲ್ಲ.

ಆ ಚುನಾವಣೆಯಲ್ಲಿ ನಮ್ಮ ಒಂದೇ ಮನೆ ಎರಡು ಸಲ ವೋಟು ಮಾಡಿತು. ಅನ್ಯಾಯವಾಗಿ ಅಲ್ಲ, ನ್ಯಾಯವಾಗಿಯೇ. ಊರಿನ ಮನೆಯನ್ನು ಬಿಡದೆ, ವರ್ಷದಲ್ಲಿ ಹೆಚ್ಚು ಕಾಲ ಅಲ್ಲಿಯೇ ಇರುವ ಅತ್ತೆಯವರು ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಗದಗಿಗೆ ಹೋಗಿ, ಮೇ 7ರಂದು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ವೋಟು ಹಾಕಿದರು. ನಾವು ಜೂನ್ 1ರ ಬೇಗೆಯಲ್ಲಿ ಬೇಹಾಲಾ ಪೂರ್ವದ ಮತಗಟ್ಟೆಯಲ್ಲಿ ಸಾಲು ನಿಂತು ಕಲ್ಕತ್ತೆ ದಕ್ಷಿಣ ಕ್ಷೇತ್ರಕ್ಕೆ ಹಾಕಿದೆವು. ಯಾರಿಗೆ ಎಂಬುದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹಾಗೆ ಪಡೆದ ವೋಟು 2025ರ ಚಳಿಗಾಲದಲ್ಲಿ ಮತ್ತೆ ಪರೀಕ್ಷೆಗೆ ನಿಂತಿತು. ಅಕ್ಟೋಬರ್ 27ರಂದು ಆಯೋಗವು ಪಶ್ಚಿಮ ಬಂಗಾಳವೂ ಸೇರಿದಂತೆ 12 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯನ್ನು ಸಾರಿತು. ನವೆಂಬರ್ 4ರಿಂದ ಮನೆಮನೆಗೆ ಫಾರಂ ಬಂತು. 2002ರ ಪಟ್ಟಿಯಲ್ಲಿ ನಿಮ್ಮ ಹೆಸರೋ ತಂದೆತಾಯಿಗಳ ಹೆಸರೋ ಇತ್ತೆ ಎಂಬುದು ಅದರ ಮುಖ್ಯ ಪ್ರಶ್ನೆ. ಆ ವರ್ಷ ನಾವು ಇಲ್ಲಿರಲೇ ಇಲ್ಲ. ಬೇರೆ ರಾಜ್ಯದ ಹಳೆಯ ಪಟ್ಟಿಯಾದರೂ ಆಗಬಹುದೆಂದು ತಿಳಿದ ಮೇಲೆ, ಗದಗಿನ ಕಡೆಯ ನಮ್ಮ ಹಳ್ಳಿಯ 2002ರ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹುಡುಕಿ ತೆಗೆದೆವು. ಮಸುಕಾದ ಅಚ್ಚು, ಪುಟದ ಮೇಲೆ ಪುಟ, ಎಲ್ಲವೂ ಕನ್ನಡದಲ್ಲಿ.

ಫಾರಂ ತಂದವರು ಇಲ್ಲಿಯ ಶಾಲೆಯ ಮೇಷ್ಟರು. ಬಹಳ ಸೌಜನ್ಯದ ಮನುಷ್ಯರು. ಆ ಪುಟವನ್ನು ನೋಡಿ, “ದಾದಾ, ಇದರಲ್ಲಿ ನಿಮ್ಮ ಹೆಸರು ಯಾವುದು, ಯಾವ ಸಂಖ್ಯೆ? ನನಗೆ ಜಿಲೇಬಿಯಂತೆ ಕಾಣುತ್ತದೆ” ಎಂದು ನಕ್ಕರು. ಯಜಮಾನರು ಕನ್ನಡಕ ಹುಡುಕುವಷ್ಟರಲ್ಲಿ, ಸಂಘದ ಭಾನುವಾರದ ತರಗತಿಯಲ್ಲಿ ಕನ್ನಡ ಕಲಿಯುತ್ತಿರುವ ನಮ್ಮ ಮಗಳು, ಜೋಕಾದಲ್ಲೇ ಹುಟ್ಟಿ ಬೆಳೆದವಳು, ಬೆರಳಿಟ್ಟು ಸಾಲು ಸಾಲಾಗಿ ಓದುತ್ತ ಹೋದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು. ಅವಳು ಕಣ್ಣಾರೆ ಕಾಣದ ಅಜ್ಜನ ಹೆಸರು, ಅದರ ಕೆಳಗೆ ಅಜ್ಜಿಯ ಹೆಸರು, ಅದರ ಕೆಳಗೆ ಅಪ್ಪನ ಹೆಸರು. ಅವಳು ಓದಿ ಹೇಳಿದ ಸಂಖ್ಯೆಯನ್ನು ಮೇಷ್ಟರು ಬಂಗಾಳಿಯಲ್ಲಿ ಬರೆದುಕೊಂಡರು. ಅತ್ತೆಯವರು ಸೆರಗಿನಿಂದ ಕಣ್ಣೊರಸಿಕೊಂಡು ಒಳಗೆ ಹೋದರು. ಮೇಷ್ಟರಿಗೆ ಚಹ ತರಲೆಂದು ಹೇಳಿದರಾದರೂ ಚಹ ಬರುವುದು ಬಹಳ ಹೊತ್ತಾಯಿತು.

ಡಿಸೆಂಬರ್ 16ರಂದು ಹೊರಬಂದ ಕರಡು ಪಟ್ಟಿಯಲ್ಲಿ ಈ ರಾಜ್ಯದ ಸುಮಾರು 58 ಲಕ್ಷ ಹೆಸರುಗಳಿರಲಿಲ್ಲ. ತೀರಿಕೊಂಡವರು, ಎರಡು ಕಡೆ ಹೆಸರಿದ್ದವರು, ಸಿಕ್ಕದವರು, ಊರು ಬಿಟ್ಟವರು ಎಂದು ಕಾರಣ ಕೊಟ್ಟರು. ಶುದ್ಧವಾದ ಪಟ್ಟಿ ಬೇಡವೆನ್ನುವವರು ಯಾರು? ಸತ್ತವರ ಹೆಸರಿನಲ್ಲಿ ವೋಟು ಬೀಳಬಾರದು. ಆದರೆ “ಊರು ಬಿಟ್ಟವರು” ಎಂಬ ಆ ಎರಡು ಪದಗಳನ್ನು ನಾವು ಸುಲಭವಾಗಿ ದಾಟಿಹೋಗಲಾರೆವು. ಊರು ಬಿಟ್ಟವರೆಂದರೆ ನಾವೇ ತಾನೆ? ಕೇರಳಕ್ಕೆ ಹೋದ ಮಾಶಿಯ ಮಗನೂ ಹೌದಲ್ಲವೆ? ಅವನ ಫಾರಂ ತುಂಬಿಸಲು ಮಾಶಿ ಎರಡು ದಿನ ಕೆಲಸ ಬಿಟ್ಟು ಓಡಾಡಿದಳು. ನಮಗೆ ಕಂಪ್ಯೂಟರಿತ್ತು, ಓದಬಲ್ಲ ಮಗಳಿದ್ದಳು. ಏನೂ ಇಲ್ಲದವರ ಪಾಡನ್ನು ನೆನೆದರೆ ತುತ್ತು ಗಂಟಲಿನಲ್ಲಿ ನಿಲ್ಲುತ್ತದೆ.

ಮಾಡಬಹುದಾದದ್ದು

ಬೇಸರಪಟ್ಟು ಸುಮ್ಮನಿರುವುದು ಸುಲಭ. ಅದರಿಂದ ಬೇಳೆ ಬೇಯುವುದಿಲ್ಲ. ಸಂಘದ ಮನೆಗಳು ಮಾಡಬಹುದಾದ ಕೆಲವು ಸಣ್ಣ ಕೆಲಸಗಳುಂಟು. ನಿಜವಾಗಿ ವಾಸಿಸುವ ಒಂದು ಕಡೆ ಹೆಸರನ್ನು ಗಟ್ಟಿ ಮಾಡಿಕೊಳ್ಳುವುದು ಮೊದಲನೆಯದು. ಮನೆ ಬದಲಿಸಿದವರಿಗೆ 8ನೆಯ ನಮೂನೆ, ಹೊಸದಾಗಿ 18 ತುಂಬಿದ ಮಕ್ಕಳಿಗೆ 6ನೆಯ ನಮೂನೆ. ಸಂದೇಹ ಬಂದರೆ 1950ಕ್ಕೆ ಫೋನು ಮಾಡಿ ಕೇಳಬಹುದು. ಚುನಾವಣೆ ಬಂದಾಗ ನೋಡೋಣವೆಂದು ಕೂರದೆ, ಪಟ್ಟಿ ಹೊರಟಾಗಲೆಲ್ಲ ಹೆಸರಿದೆಯೆ ಎಂದು ನೋಡುವುದು ಒಳ್ಳೆಯದು. ಎರಡನೆಯದು ಕೇಳುವ ಅಭ್ಯಾಸ. 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಹತ್ತು ರೂಪಾಯಿ ಕೊಟ್ಟು ಕೇಂದ್ರದ ಕಚೇರಿಗಳನ್ನು ಕೇಳಿದರೆ ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಸಂಗ್ರಹಾಲಯಕ್ಕೆ ನೆರವೇಕೆ ನಿಂತಿತೆಂದು ನಾಲ್ಕು ಕನ್ನಡ ಮನೆಗಳೂ ನಾಲ್ಕು ಬಂಗಾಳಿ ಮನೆಗಳೂ ಸೇರಿ ಕೇಳಿದರೆ ತಪ್ಪೇನು?

ಮೂರನೆಯದು ಮನೆಯೊಳಗಿನ ಕಟ್ಟುಪಾಡು. ರಾಜಕೀಯದ ಹೆಸರಿನಲ್ಲಿ ಅಣ್ಣತಮ್ಮಂದಿರು ಫೋನಿನ ಗುಂಪಿನಲ್ಲಿ ಮಾತು ಬಿಟ್ಟ ಕಥೆಗಳು ನಮ್ಮಲ್ಲಿ ಎಷ್ಟಿಲ್ಲ? ನಮ್ಮ ಮನೆಯಲ್ಲಿ ಅತ್ತೆಯವರು ಹಾಕಿದ ನಿಯಮ ಒಂದಿದೆ: ಊಟದ ಹೊತ್ತಿನಲ್ಲಿ ಪಕ್ಷದ ಹೆಸರು ಕೂಡದು, ಧಾರಣೆಯ ಮಾತು, ಮಳೆಯ ಮಾತು, ಶಾಲೆಯ ಮಾತು, ಆಸ್ಪತ್ರೆಯ ಮಾತು ಎಷ್ಟು ಬೇಕಾದರೂ ಆಗಬಹುದು. ಈ ನಿಯಮದಿಂದ ಜಗಳ ಕಡಿಮೆಯಾಯಿತು. ರಾಜಕೀಯದ ತಿಳಿವಳಿಕೆ ಮಾತ್ರ ಹೆಚ್ಚಾಯಿತು.

ಕಡೆಯದಾಗಿ, ಮಕ್ಕಳ ಕನ್ನಡ. ಪರಸ್ಥಳದಲ್ಲಿ ಕನ್ನಡ ಕಲಿತು ಏನು ಉಪಯೋಗವೆಂದು ಕೇಳುವ ತಂದೆತಾಯಿಗಳು ಪ್ರತಿ ವರ್ಷವೂ ಇರುತ್ತಾರೆ. ಹಾಡಿಗೆ, ನಾಟಕಕ್ಕೆ, ಅಜ್ಜಿಯೊಡನೆ ಮಾತಿಗೆ ಎಂದು ನಾವು ಉತ್ತರ ಕೊಡುತ್ತ ಬಂದಿದ್ದೇವೆ. ಈ ದೇಶದಲ್ಲಿ ನಮಗೊಂದು ಸ್ಥಾನವಿದೆಯೆಂದು ತೋರಿಸುವ ಹಳೆಯ ಕಾಗದವೂ ಕನ್ನಡದಲ್ಲಿಯೇ ಇದೆಯೆಂಬುದನ್ನು ಇನ್ನು ಮೇಲೆ ಆ ಉತ್ತರಕ್ಕೆ ಸೇರಿಸಬಹುದು. ಭಾನುವಾರದ ತರಗತಿಗೆ ಮಕ್ಕಳನ್ನು ತಪ್ಪದೆ ಕಳುಹಿಸಿ. ಮಾಶಿಯಂಥವರ ಫಾರಂ ತುಂಬಲು ಬಿಡುವಾದಾಗ ಒಂದರ್ಧ ಗಂಟೆ ಕೊಡಿ. ದಿಲ್ಲಿಯನ್ನು ನಾವು ಒಂದು ದಿನದಲ್ಲಿ ತಿದ್ದಲಾರೆವು; ಜೋಕಾದ ನಮ್ಮ ಬೀದಿಯಲ್ಲಿ ಒಂದು ಹೆಸರೂ ಅನ್ಯಾಯವಾಗಿ ಬಿಟ್ಟುಹೋಗದಂತೆ ನೋಡಿಕೊಳ್ಳಬಲ್ಲೆವು.